ಮುಪ್ಪಿನ ವೇತನ ಭಿಕ್ಷೆಯಲ್ಲ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಎಷ್ಟೋ ಹಳ್ಳಿಗಳಲ್ಲಿ ಇಂದು ಮನೆ ಕಾಯುವವರು ಮುದುಕರೇ. ಮಕ್ಕಳು ಕೆಲಸ ಹುಡುಕಿಕೊಂಡು ಹುಬ್ಬಳ್ಳಿ, ಬೆಂಗಳೂರು ಸೇರಿದ್ದಾರೆ. ಕೊನೆ ಕೊಯ್ದವನು, ಅಡಿಕೆ ಸುಲಿದವಳು, ಗಿರಣಿಯಲ್ಲಿ ಬೆವರು ಸುರಿಸಿದವನು, ಸಂತೆಯಲ್ಲಿ ಅಂಗಡಿ ಹೂಡಿದವನು ಮುಪ್ಪಿನಲ್ಲಿ ಯಾರ ಮುಖ ನೋಡಬೇಕು?

ಸರಕಾರಗಳ ಲೆಕ್ಕ ನೋಡೋಣ. 1995ರಲ್ಲಿ ಕೇಂದ್ರವು ವೃದ್ಧಾಪ್ಯ ವೇತನಕ್ಕೆ ತಿಂಗಳಿಗೆ 75 ರೂಪಾಯಿ ಗೊತ್ತುಮಾಡಿತು. 2006ರಲ್ಲಿ ಅದು 200 ಆಯಿತು. ಎಂಬತ್ತು ತುಂಬದವರಿಗೆ ಕೇಂದ್ರದ ಪಾಲು ಇಂದಿಗೂ ಅದೇ 200! ರಾಜ್ಯವು 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆ ತಂದಿತು. 2021ರಲ್ಲಿ ಅದರ ವೇತನವನ್ನು 1,200ಕ್ಕೆ ಏರಿಸಿತು. ಎಂದರೆ ದಿನಕ್ಕೆ 40 ರೂಪಾಯಿ. ಇದರಲ್ಲಿ ಗಂಜಿಯೋ, ಮಾತ್ರೆಯೋ?

ಸರಕಾರಿ ನೌಕರನಿಗೆ ಬೆಲೆ ಏರಿದಂತೆ ತುಟ್ಟಿಭತ್ಯೆ ಏರುತ್ತದೆ. ಅದು ನ್ಯಾಯವೇ. ಆದರೆ ಕೂಲಿಕಾರನ ಮುಪ್ಪಿಗೆ ಅಕ್ಕಿ ಬೇಳೆ ತುಟ್ಟಿಯಾಗುವುದಿಲ್ಲವೇ?

2031ರ ಹೊತ್ತಿಗೆ ರಾಜ್ಯದ ನೂರು ಜನರಲ್ಲಿ ಸುಮಾರು 15 ಮಂದಿ ಅರವತ್ತು ದಾಟಿದವರು ಎಂದು ಸರಕಾರದ ತಜ್ಞರೇ ಅಂದಾಜು ಮಾಡಿದ್ದಾರೆ. ಬರುವುದು ಗೊತ್ತಿದ್ದೂ ಕೈಕಟ್ಟಿ ಕೂರುವುದು ಅಪರಾಧ.

ನಮ್ಮ ಬೇಡಿಕೆ ಮೂರು. ವೇತನವು ಬೆಲೆಯೊಡನೆ ತಾನಾಗಿ ಏರಬೇಕು. ಮೈಮುರಿದು ದುಡಿದವರಿಗೆ ಅರವತ್ತಕ್ಕೇ ಪೂರ್ತಿ ವೇತನ ಸಿಗಬೇಕು. ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ವೃದ್ಧರಿಗೆ ಬೇರೆ ವಾರ್ಡು ಇರಬೇಕು; ನಡೆಯಲಾರದವರ ಮನೆಗೆ ತಿಂಗಳಿಗೊಮ್ಮೆ ಔಷಧಿ ಮುಟ್ಟಬೇಕು.

1951ರಲ್ಲಿ ನೆರೆಯ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತು ಕೇಳಿದ್ದು ದಯೆಯನ್ನಲ್ಲ, ಹಕ್ಕನ್ನು. ದುಡಿದು ದಣಿದವರ ಪರವಾಗಿ ಇಂದು ನಾವು ಕೇಳುವುದೂ ಅದನ್ನೇ. ಗಿರಣಿಯ ಬಾಗಿಲಲ್ಲಿ, ಪೇಟೆಯ ಅಂಗಡಿಯಲ್ಲಿ ಈ ಮಾತು ನಡೆಯಲಿ. ಮತ ಕೇಳಲು ಬಂದವರಿಗೆ ಮೊದಲು ಈ ಪ್ರಶ್ನೆ ಹಾಕಿರಿ.