ಖಾಲಿ ಇರುವುದು ಊರೋ, ಚೌಕಟ್ಟೋ?

ಕೋಲಾರದ ಚಿನ್ನದ ಗಣಿಗಳ ಊರಾದ ಕೆಜಿಎಫ್ ಕುರಿತ ಕಿರು ಸಾಕ್ಷ್ಯಚಿತ್ರಗಳಿಗೆ ಈಗ ಒಂದು ಸಿದ್ಧ ಮಾದರಿ ಬಂದುಬಿಟ್ಟಿದೆ. ಮೊದಲು ಡ್ರೋನ್ ಮೇಲೇರುತ್ತದೆ, ಚಿನ್ನ ತೆಗೆದು ಸುರಿದ ಮಣ್ಣಿನ ಮಾಸಲು ಬಿಳಿಯ ಸೈನೈಡ್ ದಿಬ್ಬಗಳ ಮೇಲೆ ನಿಧಾನವಾಗಿ ತೇಲುತ್ತದೆ. ಆಮೇಲೆ ತುಕ್ಕು ಹಿಡಿದ ಶಾಫ್ಟಿನ ಗೋಪುರ, ಮಾಡು ಕುಸಿದ ಬ್ರಿಟಿಷರ ಬಂಗಲೆ, ಗೋಡೆಯ ಬಿರುಕಿನಿಂದ ತಲೆ ಹಾಕಿದ ಅರಳಿ ಸಸಿ. ಹಿನ್ನೆಲೆಯಲ್ಲಿ ಪಿಯಾನೊ. ಎಂಟು ಹತ್ತು ನಿಮಿಷದಲ್ಲಿ ಒಂದು ಊರಿನ ಹುಟ್ಟೂ ಸಾವೂ ಮುಗಿದಿರುತ್ತದೆ. ಪ್ರದರ್ಶನ ಮುಗಿದು ದೀಪ ಹತ್ತಿದಾಗ ಕೇಳಿಬರುವ ಮಾತುಗಳೂ ಹೆಚ್ಚುಕಡಿಮೆ ಸಿದ್ಧವಾದವೇ: ಎಂಥಾ ಊರು ಹೇಗಾಗಿಹೋಯಿತು, ಮೈ ಜುಮ್ಮೆಂದಿತು, ಸರ್ಕಾರ ಇದನ್ನು ಪ್ರವಾಸಿ ತಾಣ ಮಾಡಬಾರದೇ, ರಾತ್ರಿ ಹೊತ್ತು ಅಲ್ಲಿ ದೆವ್ವ ಓಡಾಡುವುದು ನಿಜವೇ?

ಈ ಉದ್ಗಾರಗಳಲ್ಲಿ ಕಪಟವೇನಿಲ್ಲ. ತೋರಿಸಿದ್ದನ್ನು ನೋಡಿ ಜನ ಮರುಗಿದ್ದಾರೆ, ಅಷ್ಟೆ. ತೊಂದರೆ ಇರುವುದು ತೋರಿಸಿದ್ದರಲ್ಲಿ. 2011ರ ಜನಗಣತಿಯ ಲೆಕ್ಕದಲ್ಲಿ ಈ ‘ದೆವ್ವದ ಊರಿ’ನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ನಗರಸಭೆ ಇದೆ, ತಾಲ್ಲೂಕು ಕಚೇರಿ ಇದೆ, ಪೊಲೀಸ್ ವರಿಷ್ಠಾಧಿಕಾರಿ ಇದ್ದಾರೆ, 1964ರಲ್ಲಿ ಶುರುವಾದ ಬೆಮಲ್ ಕಾರ್ಖಾನೆ ಈಗಲೂ ನಡೆಯುತ್ತಿದೆ. ಮಾರಿಕುಪ್ಪಂ ನಿಲ್ದಾಣದಲ್ಲಿ ಬೆಳಕು ಹರಿಯುವ ಮುಂಚೆಯೇ ಬೆಂಗಳೂರಿನ ರೈಲಿಗೆ ಜನ ಸೇರುತ್ತಾರೆ. ಚೀಲದಲ್ಲಿ ಬುತ್ತಿ ಡಬ್ಬಿ, ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ. ಸೆಕ್ಯುರಿಟಿ ಗಾರ್ಡುಗಳು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ನರ್ಸುಗಳು, ಕಾಲೇಜು ಹುಡುಗರು. ಹೆಚ್ಚುಕಡಿಮೆ ನೂರು ಕಿಲೊಮೀಟರ್ ಹೋಗಿ ದುಡಿದು, ರಾತ್ರಿ ಅದೇ ಹಾದಿಯಲ್ಲಿ ವಾಪಸು ಬರುತ್ತಾರೆ. ಗಾಡಿ ಬಂಗಾರಪೇಟೆ ದಾಟುವ ಹೊತ್ತಿಗೆ ನಿಲ್ಲಲೂ ಜಾಗವಿರುವುದಿಲ್ಲ. ಡ್ರೋನ್ ಹಾರುವುದು ಇವರೆಲ್ಲ ಊರು ಬಿಟ್ಟ ಮೇಲೆ, ಬಿಸಿಲೇರಿದಾಗ.

ನೋಡುಗರ ಪ್ರತಿಕ್ರಿಯೆಯನ್ನು ಅವರ ಅಭಿರುಚಿಯ ಮಾತೆಂದು ತಳ್ಳಿಹಾಕುವುದು ಸುಲಭ. ನನಗೆ ಹಾಗನಿಸುವುದಿಲ್ಲ. ಪಾಳುಬಿದ್ದ ಜಾಗದ ಚಿತ್ರ ಯಾವ ಪ್ರಶ್ನೆಯನ್ನು ಬಿಟ್ಟುಬಿಡುತ್ತದೋ, ನೋಡುವವರೂ ಅದನ್ನು ಕೇಳುವುದಿಲ್ಲ. ಗಣಿ ‘ನಿಂತುಹೋಯಿತು’ ಎಂದು ಹಿನ್ನೆಲೆ ದನಿ ಹೇಳಿದರೆ, ಮಳೆ ನಿಂತುಹೋದ ಹಾಗೆ ಅದೂ ತಾನಾಗಿ ನಿಂತಿತು ಎಂದುಕೊಳ್ಳುತ್ತೇವೆ. ಕೆಜಿಎಫ್ ಹಾಗೆ ನಿಲ್ಲಲಿಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕೈಹಾಕಿದ ಗಣಿಗಳನ್ನು 1956ರಲ್ಲಿ ಮೈಸೂರು ರಾಜ್ಯ ವಹಿಸಿಕೊಂಡಿತು, 1962ರಲ್ಲಿ ಅವು ಕೇಂದ್ರದ ಕೈಗೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕಂಪನಿ ಆಯಿತು. ಅದಿರಿನಲ್ಲಿ ಚಿನ್ನದ ಅಂಶ ಇಳಿಯುತ್ತಾ ಬಂತು, ಆಳಕ್ಕೆ ಇಳಿದಷ್ಟೂ ಖರ್ಚು ಏರಿತು. 1992ರಲ್ಲಿ ಕಂಪನಿಯ ಕಡತ ರೋಗಗ್ರಸ್ತ ಉದ್ಯಮಗಳ ಮಂಡಳಿಗೆ ಹೋಯಿತು, 2000ದಲ್ಲಿ ಮುಚ್ಚಲು ಶಿಫಾರಸು ಬಂತು, 2001ರ ಫೆಬ್ರುವರಿ 28ರಂದು ಬೀಗ ಬಿತ್ತು. ಮೂರು ಸಾವಿರಕ್ಕೂ ಹೆಚ್ಚು ಕಾರ್ಮಿಕರು ಅಂದು ಕೆಲಸ ಕಳೆದುಕೊಂಡರು. ಅವರ ಬಾಕಿ ಹಣ, ವಾಸವಿದ್ದ ಮನೆಯ ಹಕ್ಕು, ಇವೆಲ್ಲ ಆಮೇಲೆ ವರ್ಷಗಟ್ಟಲೆ ಎಳೆದಾಡಿದವು. ಪಿಯಾನೊ ಸಂಗೀತದ ನಡುವೆ ಇದನ್ನು ಹೇಳಲು ಒಂದೂವರೆ ನಿಮಿಷ ಸಾಕು.

ಇಂಥ ಪ್ರದರ್ಶನಕ್ಕೆ ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲೋ ಊರಿಗಾಂನಲ್ಲೋ ಹುಟ್ಟಿ ಬೆಳೆದವರು ಬಂದಿದ್ದರೆ ಅವರ ಕಣ್ಣು ಹೋಗುವುದೇ ಬೇರೆ ಕಡೆ. ಶಾಫ್ಟಿನ ಗೋಪುರವನ್ನು ಬೇರೆಯವರು ಶಿಲ್ಪದಂತೆ ನೋಡುವಾಗ ಇವರು ಅದು ಯಾವ ಶಾಫ್ಟು ಎಂದು ಗುರುತಿಸುತ್ತಾರೆ, ಅಪ್ಪ ಯಾವ ಪಾಳಿಯಲ್ಲಿ ಇಳಿಯುತ್ತಿದ್ದರು ಎಂದು ನೆನೆಯುತ್ತಾರೆ. ಅವರ ಪ್ರತಿಕ್ರಿಯೆಯೂ ಒಂದೇ ಬಗೆಯದಲ್ಲ ಎನ್ನುವುದು ಕುತೂಹಲದ ಸಂಗತಿ. ಆಸ್ಟ್ರೇಲಿಯಾ, ಇಂಗ್ಲೆಂಡಿಗೆ ಹೋಗಿ ನೆಲೆಸಿದ ಆಂಗ್ಲೊ ಇಂಡಿಯನ್ ಕುಟುಂಬಗಳವರಿಗೆ ಕ್ಲಬ್ಬು, ಗಾಲ್ಫ್ ಮೈದಾನ, ಕ್ರಿಸ್‌ಮಸ್ ನೃತ್ಯ ನೆನಪಾಗುತ್ತವೆ. ಊರಿಗಿದ್ದ ‘ಮಿನಿ ಇಂಗ್ಲೆಂಡ್’ ಎಂಬ ಬಿರುದು ಅವರ ಪಾಲಿಗೆ ನಿಜ. ಉತ್ತರ ಆರ್ಕಾಟಿನಿಂದ ಬಂದ ದಲಿತ ಕುಟುಂಬಗಳ ಮೊಮ್ಮಕ್ಕಳಿಗೆ ನೆನಪಾಗುವುದು ಒಂದೇ ಕೋಣೆಯ ಲೈನ್ ಮನೆ, ಸೈರನ್ನು, ಸಿಲಿಕೋಸಿಸ್‌ನಿಂದ ಕೆಮ್ಮಿ ಕೆಮ್ಮಿ ಹೋದ ಅಜ್ಜ. ಗಣಿ ಮೂರು ಕಿಲೊಮೀಟರಿಗಿಂತಲೂ ಆಳಕ್ಕೆ ಇಳಿದಿತ್ತು. ಅಲ್ಲಿ ಬಂಡೆಯ ಶಾಖ 60 ಡಿಗ್ರಿ ದಾಟುತ್ತಿತ್ತು, ಕಲ್ಲು ಸಿಡಿಯುವುದು ಮಾಮೂಲಾಗಿತ್ತು. ಒಂದೇ ಬಂಗಲೆಯ ದೃಶ್ಯಕ್ಕೆ ಒಬ್ಬರು ಕಣ್ಣೊರೆಸಿಕೊಂಡರೆ ಇನ್ನೊಬ್ಬರು ಮುಖ ತಿರುಗಿಸುವುದು ಈ ಕಾರಣಕ್ಕೆ. ನಿರ್ದೇಶಕ ಈ ಒಡಕನ್ನು ಹಿಡಿಯಬೇಕಿತ್ತು. ಬಹುತೇಕರು ಬಂಗಲೆಯನ್ನಷ್ಟೇ ಹಿಡಿಯುತ್ತಾರೆ, ಲೈನ್ ಮನೆಯಲ್ಲಿ ಜನ ಇರುವುದರಿಂದ ಅದು ‘ಪಾಳು’ ಕಾಣುವುದಿಲ್ಲವಲ್ಲ!

2018ರಲ್ಲಿ ‘ಕೆಜಿಎಫ್’ ಸಿನಿಮಾ ಬಂದಮೇಲೆ ಸಂಗತಿ ಇನ್ನಷ್ಟು ಕಲಸಿಹೋಗಿದೆ. ಈಗ ನೋಡುಗರು ಕಪ್ಪು ಧೂಳಿನ ಲೋಕವೊಂದನ್ನು ತಲೆಯಲ್ಲಿಟ್ಟುಕೊಂಡೇ ಬರುತ್ತಾರೆ, ಸಾಕ್ಷ್ಯಚಿತ್ರದಲ್ಲೂ ಅದನ್ನೇ ಹುಡುಕುತ್ತಾರೆ. ಸಿನಿಮಾ ಕಲ್ಪನೆ, ಅದರ ಮೇಲೆ ನನ್ನ ತಕರಾರಿಲ್ಲ. ಆದರೆ ನಿಜವಾದ ಕೆಜಿಎಫ್‌ನ ನೆಲದಡಿಯಲ್ಲಿ, ಎರಡು ಕಿಲೊಮೀಟರಿಗೂ ಹೆಚ್ಚು ಆಳದಲ್ಲಿ, 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಬ್ರಿಟನ್ನಿನ ಸಹೋದ್ಯೋಗಿಗಳ ಜೊತೆ ಸೇರಿ ವಾತಾವರಣದ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳ ಸುಳಿವು ಹಿಡಿದರು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿಲೊಮೀಟರ್ ತಂತಿ ಎಳೆದು ಇಲ್ಲಿಗೆ ವಿದ್ಯುತ್ ತಂದಾಗ ಬೆಂಗಳೂರಿನ ಬೀದಿಗಳಲ್ಲಿ ಇನ್ನೂ ವಿದ್ಯುತ್ ದೀಪ ಇರಲಿಲ್ಲ. ಇವೂ ಸೋಜಿಗವೇ. ದೆವ್ವದ ಕಥೆಗಿಂತ ಕಡಿಮೆ ಸೋಜಿಗವಲ್ಲ.

ನೋಡುಗರ ಪ್ರತಿಕ್ರಿಯೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಜಪಾನಿನ ಹಶಿಮಾ ದ್ವೀಪದ ಉದಾಹರಣೆ ಇದೆ. ನಾಗಸಾಕಿ ಬಳಿ ಸಮುದ್ರದಲ್ಲಿ ಹದಿನಾರು ಎಕರೆಯಷ್ಟಿರುವ ಕಲ್ಲಿದ್ದಲು ದ್ವೀಪ ಅದು. ಮಿತ್ಸುಬಿಷಿ ಕಂಪನಿ 1890ರಲ್ಲಿ ಕೊಂಡುಕೊಂಡಿತು. 1959ರಲ್ಲಿ ಆ ಇಷ್ಟಗಲ ಜಾಗದಲ್ಲಿ 5,259 ಮಂದಿ ಇದ್ದರು. 1974ರ ಜನವರಿಯಲ್ಲಿ ಗಣಿ ಮುಚ್ಚಿತು, ಏಪ್ರಿಲ್ ಮುಗಿಯುವುದರೊಳಗೆ ದ್ವೀಪ ಬರಿದಾಯಿತು. 2002ರಲ್ಲಿ ಸ್ವೀಡನ್ನಿನ ಥಾಮಸ್ ನಾರ್ಡನ್‌ಸ್ಟಾಡ್ ಅಲ್ಲೇ ಬೆಳೆದಿದ್ದ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ಕಿರು ಸಾಕ್ಷ್ಯಚಿತ್ರ ಮಾಡಿದರು. ಊರಿನವರೊಬ್ಬರು ಚೌಕಟ್ಟಿನೊಳಗೆ ಬಂದರೆ ಸಾಕು, ಖಾಲಿ ಕಟ್ಟಡ ಖಾಲಿ ಮನೆಯಾಗುತ್ತದೆ. ನೋಡುವವರ ಮಾತೂ ಬದಲಾಗುತ್ತದೆ. ಆದರೆ ಅಲ್ಲಿಗೂ ಕಥೆ ಪೂರ್ತಿಯಾಗಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಆ ಗಣಿಯಲ್ಲಿ ಬಲವಂತವಾಗಿ ದುಡಿಸಿಕೊಂಡ ಕೊರಿಯನ್ನರು, ಚೀನೀಯರು ಇದ್ದರು. ಜಪಾನಿಯರ ಪಾಲಿಗೆ ಹಶಿಮಾ ಕೈಗಾರಿಕೆಯ ಹೆಮ್ಮೆ ಮತ್ತು ಬಾಲ್ಯದ ಹಂಬಲ. ಕೊರಿಯಾದವರ ಪಾಲಿಗೆ ಅದು ಜೈಲು. 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಹಶಿಮಾ ಸೇರುವಾಗ, ಆ ಸಂತ್ರಸ್ತರ ಕಥೆಯನ್ನೂ ಹೇಳುತ್ತೇವೆ ಎಂದು ಜಪಾನ್ ಒಪ್ಪಿಕೊಳ್ಳಬೇಕಾಯಿತು. ಹೇಳಿದ ಮಾತು ಸರಿಯಾಗಿ ನಡೆಸಿಕೊಟ್ಟಿಲ್ಲವೆಂದು 2021ರಲ್ಲಿ ವಿಶ್ವ ಪರಂಪರೆ ಸಮಿತಿ ತೀವ್ರ ವಿಷಾದ ವ್ಯಕ್ತಪಡಿಸಿತು. ‘ಅಲ್ಲಿ ಬೇರೆಯವರೂ ಇದ್ದರು’ ಎಂದು ನೋಡುಗರ ಒಂದು ವರ್ಗ ಪಟ್ಟು ಹಿಡಿದು ಹೇಳಿದ್ದರ ಫಲ ಇದು.

ನಮ್ಮಲ್ಲಿ ಶೆಟ್ಟಿಹಳ್ಳಿ ಚರ್ಚಿನ ಚಿತ್ರಗಳಿಗೆ ಅಂಥ ಪಟ್ಟು ಹಿಡಿಯುವವರು ಕಡಿಮೆ. ಹಾಸನದ ಹತ್ತಿರ, ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಅರ್ಧ ಮುಳುಗಿ ನಿಲ್ಲುವ ಆ ಕಟ್ಟಡದ ಎದುರು ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳಲು ಸರದಿ. ಚಿತ್ರ ನೋಡಿದವರೆಲ್ಲ ‘ಅದ್ಭುತ’ ಎನ್ನುತ್ತಾರೆ. ಅಲ್ಲಿ ಪ್ರಾರ್ಥನೆಗೆ ಸೇರುತ್ತಿದ್ದ ಊರುಗಳ ಜನ ಎಲ್ಲಿ ಹೋದರು ಎಂದು ಕೇಳುವವರಿಲ್ಲ. ತುಮಕೂರಿನಲ್ಲಿ ಕೂತು ಆ ಚಿತ್ರ ನೋಡುವವರ ಮನೆಯ ನಲ್ಲಿಯಲ್ಲಿ ಬರುವುದು ಅದೇ ಹೇಮಾವತಿ ನೀರು. ಅಣೆಕಟ್ಟು ಬೇಡವಿತ್ತು ಎಂದು ನಾನು ಹೇಳುತ್ತಿಲ್ಲ. ಆ ಚೆಲುವಿಗೆ ಬೆಲೆ ತೆತ್ತವರು ಯಾರು, ಅನುಭೋಗಿಸುತ್ತಿರುವವರು ಯಾರು ಎಂಬ ಲೆಕ್ಕ ಚಿತ್ರದಲ್ಲಿ ಇದ್ದಿದ್ದರೆ ಆ ‘ಅದ್ಭುತ’ ಎಂಬ ಮಾತು ಸ್ವಲ್ಪ ತಡವರಿಸುತ್ತಿತ್ತು.

ಸುಂದರವಾಗಿ ತೋರಿಸಬೇಡಿ ಎಂಬ ವಾದವೂ ನನ್ನದಲ್ಲ. ಅಂದವಿಲ್ಲದ ಚಿತ್ರವನ್ನು ಯಾರೂ ಕೊನೆಯವರೆಗೆ ನೋಡುವುದಿಲ್ಲ. ಕಿರುಚಿತ್ರ ಮಾಡುವ ಹುಡುಗರ ಕೈಯಲ್ಲಿ ಹಣವೂ ಇಲ್ಲ, ಸಮಯವೂ ಇಲ್ಲ, ಇರುವುದು ಬಾಡಿಗೆಯ ಡ್ರೋನು ಮತ್ತು ಒಂದು ದಿನದ ಬಿಡುವು. ಅದು ಅರ್ಥವಾಗುತ್ತದೆ. ಆದರೆ ಊರು ಖಾಲಿ ಎಂದು ತೋರಿಸುವುದು ಬರೀ ಸೌಂದರ್ಯದ ಪ್ರಶ್ನೆಯಾಗಿ ಉಳಿಯುವುದಿಲ್ಲ. 2012ರ ನವೆಂಬರಿನಲ್ಲಿ ಕೂಡಂಕುಳಂ ಅಣು ಸ್ಥಾವರದ ಪ್ರಕರಣ ಸುಪ್ರೀಂ ಕೋರ್ಟ್ ಮುಂದಿದ್ದಾಗ, ಅಣು ತ್ಯಾಜ್ಯವನ್ನು ಕೋಲಾರದ ಗಣಿಗಳಲ್ಲಿ ಹೂಳುವ ಮಾತು ಕೇಂದ್ರದ ಕಡೆಯಿಂದ ಬಂತು. ಕೆಜಿಎಫ್ ಜನ ಬೀದಿಗಿಳಿದ ಮೇಲೆ, ಅಂಥ ಯೋಜನೆಯೇ ಇಲ್ಲ ಎಂಬ ಸ್ಪಷ್ಟನೆ ಹೊರಬಿತ್ತು. ದಿಲ್ಲಿಯ ಕಡತದಲ್ಲಿ ಕೆಜಿಎಫ್ ಎಂದರೆ ಆಳವಾದ, ಮುಚ್ಚಿದ, ಯಾರೂ ಇಲ್ಲದ ಗುಂಡಿ. ಡ್ರೋನ್ ತೋರಿಸುವುದೂ ಅದನ್ನೇ.

ಮುಂದಿನ ಸರದಿ ಆ ಸೈನೈಡ್ ದಿಬ್ಬಗಳದ್ದು. ಅವುಗಳಲ್ಲಿ ಉಳಿದಿರುವ ಚಿನ್ನ ತೆಗೆಯಲು 13 ದಿಬ್ಬಗಳನ್ನು, ಅಂದರೆ ಸಾವಿರ ಎಕರೆಯಷ್ಟು ಜಾಗವನ್ನು, ಹರಾಜಿಗಿಡುವ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. ಗಾಳಿ ಜೋರಾದಾಗ ಆ ದಿಬ್ಬಗಳ ಧೂಳು ಬಂದು ಕೂರುವುದು ಕೆಳಗಿನ ಮನೆಗಳ ಒಗೆದ ಬಟ್ಟೆಯ ಮೇಲೆ, ನೀರಿನ ಬಿಂದಿಗೆಯ ಮೇಲೆ. ಮಣ್ಣು ಅಗೆಯುವಾಗ ಏನಾಗುತ್ತದೆ, ಕೆಲಸ ಯಾರಿಗೆ ಸಿಗುತ್ತದೆ ಎಂದು ಕೇಳಬೇಕಾದವರು ಆ ಮನೆಯವರು. ಅವರಿದ್ದಾರೆ ಎಂಬುದೇ ಹೊರಗಿನವರಿಗೆ ಗೊತ್ತಿಲ್ಲದಿದ್ದರೆ ಅವರ ಬೆನ್ನಿಗೆ ನಿಲ್ಲುವವರು ಯಾರು?

ಆದ್ದರಿಂದ ಕಿರುಚಿತ್ರಕಾರರಲ್ಲಿ ಒಂದು ಕೋರಿಕೆ. ಚಿತ್ರೋತ್ಸವಗಳಿಗೆ ಕಳಿಸುವ ಮೊದಲು ನಿಮ್ಮ ಚಿತ್ರವನ್ನು ಆಂಡರ್ಸನ್‌ಪೇಟೆಯಲ್ಲೋ ಚಾಂಪಿಯನ್ ರೀಫ್ಸ್‌ನಲ್ಲೋ ಒಂದು ಪರದೆ ಕಟ್ಟಿ ತೋರಿಸಿ. ಭಾನುವಾರವೇ ಆಗಬೇಕು, ಉಳಿದ ದಿನ ಅವರು ಬೆಂಗಳೂರಿನಲ್ಲಿ ಕೆಲಸದಲ್ಲಿರುತ್ತಾರೆ. ಅಲ್ಲಿ ಏಳುವ ಪ್ರಶ್ನೆಗಳಿಗೆ ಉತ್ತರ ಹುಡುಕಿ ಚಿತ್ರವನ್ನು ತಿದ್ದಿ, ಆಮೇಲೆ ನಮಗೆ ತೋರಿಸಿ.