ಹುಳುವಿನ ಜ್ವರ, ಕೋಶದ ಬಿಸಿ

ರಾಮನಗರ ತಾಲ್ಲೂಕಿನ ಕೈಲಾಂಚದ ಸುತ್ತಿನ ರೇಷ್ಮೆಸೀಮೆಯಲ್ಲಿ ಹುಳುವಿಗೆ ನಾಲ್ಕು ಸಲ ಜ್ವರ ಬರುತ್ತದೆ. ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆಯೆತ್ತಿ, ಅಲುಗಾಡದೆ ಕುಳಿತು ಹಳೆಯ ಚರ್ಮವನ್ನು ಕಳಚುವ ಅವಸ್ಥೆಗೆ ರೈತರು ಇಟ್ಟ ಹೆಸರು ಅದು. ಹೆಸರು ಜ್ವರವಾದರೂ ಯಾರೂ ಹುಳುವಿನ ಮೈಬಿಸಿಯನ್ನು ನೋಡುವುದಿಲ್ಲ. ಗೋಡೆಯ ಮೇಲಿನ ಉಷ್ಣತಾಮಾಪಕ ತಿಳಿಸುವುದು ಮನೆಯೊಳಗಿನ ಗಾಳಿಯ ಬಿಸಿಯನ್ನು. ಚಾಕಿ ಹುಳುವಿಗೆ 27-28 ಡಿಗ್ರಿ ಸೆಲ್ಸಿಯಸ್, ಬೆಳೆದ ಹುಳುವಿಗೆ 24-25 ಡಿಗ್ರಿ ಇದ್ದರೆ ಹಿತ.

ಇನ್ನೂ ಸೂಕ್ಷ್ಮವಾಗಿ ನೋಡಿದರೆ, ಆ ಮಾಪಕ ಹೇಳುವುದು ಗಾಳಿಯ ಬಿಸಿಯನ್ನೂ ಅಲ್ಲ. ತನ್ನ ಹೊಟ್ಟೆಯಲ್ಲಿರುವ ದ್ರವದ ಬಿಸಿಯನ್ನು. ಗಾಳಿಯೂ ದ್ರವವೂ ಸಮಬಿಸಿಗೆ ಬಂದಿದ್ದರೆ ಮಾತ್ರ ಅದರ ಮಾತು ದಿಟ. ಬಿಸಿಲು ಬೀಳುವ ಕಿಟಕಿಯ ಬಳಿ ತೂಗುಹಾಕಿದರೆ ಅದೇ ಮಾಪಕ ಸುಳ್ಳು ಹೇಳುತ್ತದೆ. ಯಾವುದೇ ಅಳತೆಯ ವಿಷಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ಉಪಕರಣ ಅಳೆದದ್ದು ಏನನ್ನು ಎಂಬುದೇ ಆಗಿದೆ.

ಈ ಪ್ರಶ್ನೆ ಇಂದು ಜೀವಕೋಶದೊಳಗೆ ಹೊಕ್ಕಿದೆ. ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ಕಿರಿದಾದ ಕೋಶದೊಳಗೆ ಪಾದರಸದ ಕೊಳವೆ ಹೋಗಲಾರದು. ಆದುದರಿಂದ ವಿಜ್ಞಾನಿಗಳು ಪ್ರತಿದೀಪ್ತಿಯ ಮೊರೆಹೊಕ್ಕರು. ಒಂದು ಬಣ್ಣದ ಬೆಳಕನ್ನು ಹೀರಿ ಮತ್ತೊಂದು ಬಣ್ಣದ ಬೆಳಕನ್ನು ಹೊರಸೂಸುವ ಗುಣಕ್ಕೆ ಪ್ರತಿದೀಪ್ತಿಯೆಂದು ಹೆಸರು. ಬಿಸಿಯೇರಿದಂತೆ ಕೆಲವು ವಸ್ತುಗಳ ಹೊಳಪು ಕುಂದುತ್ತದೆ, ಇಲ್ಲವೇ ಹೊಳಪು ಉಳಿಯುವ ಕಾಲ ಬದಲಾಗುತ್ತದೆ. ಅಂಥ ವಸ್ತುವನ್ನು ಕೋಶದೊಳಗೆ ಸೇರಿಸಿ, ಅದರ ಬೆಳಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬಿಸಿಯನ್ನು ಲೆಕ್ಕಹಾಕುತ್ತಾರೆ.

2012ರಲ್ಲಿ ಜಪಾನಿನ ಒಕಾಬೆ ಮತ್ತು ಸಂಗಡಿಗರು ಕೋಶದ ನಡುವಿನ ಬೀಜಕೇಂದ್ರವು ಸುತ್ತಲಿನ ಭಾಗಕ್ಕಿಂತ ಸುಮಾರು 1 ಡಿಗ್ರಿ ಬಿಸಿಯಾಗಿದೆ ಎಂದು ವರದಿಮಾಡಿದರು. 2018ರಲ್ಲಿ ಫ್ರಾನ್ಸಿನ ಕ್ರೆಟಿಯಾನ್ ಮತ್ತು ಸಂಗಡಿಗರು ಪ್ರಕಟಿಸಿದ ಅಂಕೆ ಇನ್ನೂ ಬೆರಗಿನದು. ಕೋಶಗಳನ್ನು 38 ಡಿಗ್ರಿಯಲ್ಲಿ ಇರಿಸಿದ್ದರೂ ಅವುಗಳೊಳಗೆ ಶಕ್ತಿಯನ್ನು ಉತ್ಪಾದಿಸುವ ಮೈಟೋಕಾಂಡ್ರಿಯಗಳು 50 ಡಿಗ್ರಿಯ ಸಮೀಪದಲ್ಲಿವೆ ಎಂದು ಅವರ ವಾದ. ಇದು ನಿಜವಾದರೆ, 37 ಡಿಗ್ರಿಯಲ್ಲಿ ಪ್ರಯೋಗಮಾಡಿ ಬರೆದ ಜೀವರಸಾಯನದ ಎಷ್ಟೋ ಪುಟಗಳನ್ನು ತಿದ್ದಬೇಕಾಗುತ್ತದೆ. ವಿಷಯ ಅಲ್ಪವಾದುದಲ್ಲ.

ಆದರೆ 2014ರಷ್ಟು ಹಿಂದೆಯೇ ಫ್ರಾನ್ಸಿನ ಭೌತವಿಜ್ಞಾನಿ ಬಾಫೂ ಮತ್ತು ಸಂಗಡಿಗರು ಇಂಥ ಅಂಕೆಗಳಿಗೆ ಗಂಭೀರವಾದ ಆಕ್ಷೇಪವೆತ್ತಿದ್ದರು. ಕೋಶ ಅತಿ ಕಿರಿದು. ಅದರ ಸುತ್ತಲೂ ನೀರು. ಕೆರೆಗೆ ಬಿದ್ದ ಬಿಸಿ ಸಾಸಿವೆಕಾಳಿನಂತೆ ಅದರ ಬಿಸಿ ಹುಟ್ಟಿದ ಕ್ಷಣದಲ್ಲೇ ಹರಿದುಹೋಗುತ್ತದೆ. ಕೋಶವೊಂದು ಉತ್ಪಾದಿಸುವ ಶಾಖದಿಂದ ಏರಬಹುದಾದ ಉಷ್ಣತೆ ಡಿಗ್ರಿಯ ಲಕ್ಷದಲ್ಲೊಂದು ಭಾಗದಷ್ಟು ಮಾತ್ರವೆಂದು ಲೆಕ್ಕ ಹೇಳುತ್ತದೆ. ಅಳೆದದ್ದಕ್ಕೂ ಲೆಕ್ಕಕ್ಕೂ ನಡುವೆ ಲಕ್ಷಪಟ್ಟು ಅಂತರ! ಬಣ್ಣದ ಹೊಳಪು ಬಿಸಿಯೊಂದರಿಂದಲೇ ಬದಲಾಗುವುದಿಲ್ಲ. ಆಮ್ಲತೆಯಿಂದ, ಲವಣಗಳಿಂದ, ಕೋಶರಸದ ಮಂದತೆಯಿಂದಲೂ ಬದಲಾಗಬಲ್ಲದು. ಕಿಟಕಿಯ ಬಳಿಯ ಮಾಪಕದ ಕಥೆಯೇ ಇಲ್ಲಿಯೂ ನಡೆದಿರಬಹುದು. ಲೆಕ್ಕವೇ ಅಪೂರ್ಣವೆಂದು ವಾದಿಸುವವರೂ ಇದ್ದಾರೆ. ವಿವಾದ ಮುಗಿಯುವ ಮೊದಲೇ 50 ಡಿಗ್ರಿಯನ್ನು ಸಿದ್ಧಸತ್ಯವೆಂದು ಬೋಧಿಸುವುದು ಆತುರದ ಕೆಲಸ. ಅದನ್ನು ನಗೆಗೀಡುಮಾಡುವುದು ಅದಕ್ಕಿಂತ ಸುಲಭವಾದ ಸೋಮಾರಿತನ.

ಇಲ್ಲಿ ಬೆಂಗಳೂರಿನ ಒಂದು ಹಳೆಯ ಪ್ರಯೋಗಶಾಲೆಯನ್ನು ನೆನೆಯುವುದು ಅಪ್ರಸ್ತುತವಾಗದು. 1940ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಅನ್ನಾ ಮಣಿ ಅವರು ಸರ್ ಸಿ. ವಿ. ರಾಮನ್ ಅವರ ಬಳಿ ಮೂವತ್ತಕ್ಕೂ ಹೆಚ್ಚು ವಜ್ರಗಳ ಪ್ರತಿದೀಪ್ತಿಯನ್ನು ಪರೀಕ್ಷಿಸಿದರು. ಉಷ್ಣತೆ ಬದಲಾದಂತೆ ಆ ಬೆಳಕು ಹೇಗೆ ಬದಲಾಗುವುದೆಂಬುದನ್ನೂ ಗಮನಿಸಿದರು. ದ್ರವವಾಯುವಿನ ಚಳಿಯಲ್ಲಿ ಇಟ್ಟ ವಜ್ರದ ಮಸುಕಾದ ಬೆಳಕು ಛಾಯಾಫಲಕದ ಮೇಲೆ ಮೂಡಲು ಕೆಲವೊಮ್ಮೆ 15ರಿಂದ 20 ಗಂಟೆ ಕಾಯಬೇಕಾಗುತ್ತಿತ್ತು. ಎಂ.ಎಸ್‌ಸಿ. ಇಲ್ಲವೆಂಬ ಕಾರಣಕ್ಕೆ ಮದರಾಸು ವಿಶ್ವವಿದ್ಯಾನಿಲಯ ಅವರಿಗೆ ಡಾಕ್ಟರೇಟ್ ಕೊಡಲಿಲ್ಲ. ಪದವಿಯ ಅಳತೆಗೋಲಿಗೂ ತಪ್ಪು ಹೇಳುವ ಚಾಳಿಯುಂಟು. ಮುಂದೆ ಹವಾಮಾನ ಇಲಾಖೆಯಲ್ಲಿ ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಪ್ರಮಾಣೀಕರಿಸಿದ ಅವರು, ತಪ್ಪು ಅಳತೆಗಿಂತ ಅಳೆಯದಿರುವುದೇ ಮೇಲೆಂದು ನಂಬಿದ್ದರು.

ಈಗ ಕೋಶದ ಬಿಸಿ ತಿಳಿಯಲು ವಜ್ರವೇ ಬಂದಿದೆ. 2013ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಅತಿ ಸೂಕ್ಷ್ಮ ವಜ್ರಕಣಗಳನ್ನು ಮಾನವಕೋಶದೊಳಗೆ ಇರಿಸಿ ಉಷ್ಣತೆಯನ್ನು ಅಳೆದರು. ಹಸಿರು ಬೆಳಕು ಬಿದ್ದಾಗ ಕೆಂಪಾಗಿ ಹೊಳೆಯುವ ಈ ಕಣದ ಹರಳು ಗಟ್ಟಿಯಾದುದು. ಕೋಶರಸದ ಆಮ್ಲಕ್ಕೂ ಲವಣಕ್ಕೂ ಸುಲಭವಾಗಿ ಮಣಿಯದು. ಆದರೆ ಅವರು ಅಳೆದದ್ದು ಚಿನ್ನದ ಕಣಕ್ಕೆ ಲೇಸರ್ ಹಾಯಿಸಿ ತಾವೇ ಉಂಟುಮಾಡಿದ ಬಿಸಿಯನ್ನು, ಕೋಶ ತಾನಾಗಿ ಪಡೆದ ಬಿಸಿಯನ್ನಲ್ಲ. 2020ರಲ್ಲಿ ಜಪಾನಿನ ಸಂಶೋಧಕರು ಒಂದು ಮಿಲಿಮೀಟರ್ ಉದ್ದದ ಸಜೀವ ಹುಳುವಿನೊಳಗೆ ಇಂಥ ವಜ್ರಕಣಗಳನ್ನು ಸೇರಿಸಿ, ಔಷಧ ಕೊಟ್ಟಾಗ ಅದರ ಮೈಬಿಸಿ ಏರಿದುದನ್ನು ಕಂಡರು. ಔಷಧ ಕೊಡದ ಹುಳುಗಳನ್ನೂ ಅದೇ ರೀತಿಯಲ್ಲಿ ಅಳೆದು, ಎರಡನ್ನೂ ಹೋಲಿಸಿದ ಮೇಲೆಯೇ ಆ ಅಂಕೆಯನ್ನು ಪ್ರಕಟಿಸಿದರು.