ಚಪ್ಪಲಿಗೆ ಇನ್‌ಸ್ಟಾಗ್ರಾಂ, ಬಟ್ಟೆಗೆ ವಾಟ್ಸಪ್: ಗಡಿಯ ಅಂಗಡಿಗೆ ಯಾವುದು ಲಾಭ?

ಇಟಲಿಯ ಪ್ರಾಡಾ ಕಂಪನಿ ಜೂನ್ 2025ರಲ್ಲಿ ಮಿಲಾನ್ ನಗರದ ಫ್ಯಾಷನ್ ಶೋದಲ್ಲಿ ಥೇಟ್ ಕೊಲ್ಹಾಪುರಿ ಚಪ್ಪಲಿಯನ್ನೇ ಹೋಲುವ ಪಾದರಕ್ಷೆ ಪ್ರದರ್ಶಿಸಿತು. ಕೊಲ್ಹಾಪುರದ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಈ ಚಪ್ಪಲಿಗೆ 2019ರಲ್ಲೇ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತ್ತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಅದರಲ್ಲಿ ಸಮಪಾಲು. ಆದರೂ ಕಂಪನಿ ಬಾಯಿ ಬಿಟ್ಟದ್ದು ಸಾಮಾಜಿಕ ಜಾಲತಾಣಗಳಲ್ಲಿ ಗದ್ದಲ ಎದ್ದ ಮೇಲೆಯೇ! ಡಿಸೆಂಬರ್ 2025ರಲ್ಲಿ ಮಹಾರಾಷ್ಟ್ರದ ಲಿಡ್‌ಕಾಂ ಮತ್ತು ಕರ್ನಾಟಕದ ಲಿಡ್ಕರ್ ನಿಗಮಗಳ ಜೊತೆ ಪ್ರಾಡಾ ಒಪ್ಪಂದ ಮಾಡಿಕೊಂಡಿತು.

ಜಾಲತಾಣಗಳ ಶಕ್ತಿಗೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆದರೆ ಗದ್ದಲ ಎಬ್ಬಿಸುವುದು ಬೇರೆ, ಸರಕು ಮಾರುವುದು ಬೇರೆ. ಗದ್ದಲಕ್ಕೆ ಹೊಂದಿದ ಜಾಗ ಗಲ್ಲಾ ಪೆಟ್ಟಿಗೆಗೂ ಹೊಂದಬೇಕೆಂದಿಲ್ಲ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಮೂರೂ ಒಂದೇ ಜಿಲ್ಲೆಯ ಊರುಗಳಾದರೂ ಅವುಗಳ ಗಿರಾಕಿಗಳು ಒಂದೇ ಅಲ್ಲ.

ಚಪ್ಪಲಿ ಕಣ್ಣಿಗೆ ಬಿದ್ದು ಮಾರಾಟವಾಗುವ ವಸ್ತು. ಚರ್ಮ ಕತ್ತರಿಸುವುದು, ಜಡೆಯಂತೆ ಪಟ್ಟಿ ಹೆಣೆಯುವುದು, ಕಾಪಶಿ ಚಪ್ಪಲಿಯ ಕಿವಿಗಳು ಎಲ್ಲವೂ ಅರ್ಧ ನಿಮಿಷದ ರೀಲ್‌ನಲ್ಲಿ ಚೆನ್ನಾಗಿ ಕಾಣುತ್ತವೆ. ಪುಣೆಯವರನ್ನೋ ಬೆಂಗಳೂರಿನವರನ್ನೋ ತಲುಪಲು ಇನ್‌ಸ್ಟಾಗ್ರಾಂ ಸರಿಯಾದ ದಾರಿ. ಆದರೆ ಅಲ್ಲಿ ಕೊಲ್ಹಾಪುರಿ ಎಂದು ಹುಡುಕಿದರೆ ಕೈಯಿಂದ ಹೊಲಿದದ್ದರ ಪಕ್ಕದಲ್ಲೇ ರೆಕ್ಸಿನ್ ನಕಲೂ ಕಾಣುತ್ತದೆ, ಅದೂ ಅರ್ಧ ಬೆಲೆಗೆ. ನೋಡುವವನಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಹೀಗಾಗಿ ಮಾಡುವ ಕೈಯನ್ನು ತೋರಿಸದೆ ಬರೀ ತಯಾರಾದ ಚಪ್ಪಲಿಯ ಫೋಟೋ ಹಾಕುವುದು ನಕಲಿಗೇ ಅನುಕೂಲ. ಇನ್ನು ಕಾಲಿನ ಅಳತೆ, ದರದ ಚೌಕಾಸಿ ಬಂದಾಗ ಮಾತು ವಾಟ್ಸಪ್ಪಿಗೇ ಹೋಗುತ್ತದೆ.

ಇಚಲಕರಂಜಿಯ ಲೆಕ್ಕವೇ ಬೇರೆ. ವಿದ್ಯುತ್ ಮಗ್ಗದ ಗ್ರೇ ಬಟ್ಟೆಗೆ ಸಾವಿರಾರು ಫಾಲೋವರ್‌ಗಳು ಬೇಕಿಲ್ಲ. ಹೇಳಿದ ದಿನಕ್ಕೆ ಹಣ ಕೊಡುವ ಹತ್ತು ವ್ಯಾಪಾರಿಗಳು ಸಾಕು. ನೂಲಿನ ದರ ಏರಿಳಿದಂತೆ ಬಟ್ಟೆಯ ದರವೂ ಏರಿಳಿಯುತ್ತದೆ, ಅದನ್ನು ಊರಿಗೆಲ್ಲ ಕಾಣುವಂತೆ ಯಾರು ಹಾಕುತ್ತಾರೆ? ಜನವರಿ 2018ರಲ್ಲಿ ಬಂದ ವಾಟ್ಸಪ್ ಬಿಸಿನೆಸ್ ಇಲ್ಲಿ ಎಲ್ಲಕ್ಕಿಂತ ಉಪಯುಕ್ತ. ಆದರೆ ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನ ಮಾತ್ರ, ಅದೂ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗಷ್ಟೇ ಸಂದೇಶ ಮುಟ್ಟುತ್ತದೆ. ಇದು ತಿಳಿಯದೆ ದಿನಾ ದರ ಕಳಿಸಿ ಉತ್ತರಕ್ಕಾಗಿ ಕಾಯುವವರಿದ್ದಾರೆ. ಹಾಗೆಂದು ಗ್ರೂಪ್ ಮಾಡಿದರೆ ಗಿರಾಕಿಗಳ ನಂಬರೆಲ್ಲ ಎದುರಾಳಿಯ ಕೈಗೆ! ಅದರ ಮೇಲೆ, ಫೋಟೋದಲ್ಲಿ ಬಟ್ಟೆಯ ದಪ್ಪ ತಿಳಿಯದು. ತುಂಡು ಸ್ಯಾಂಪಲ್ ಕೈಗೆ ಮುಟ್ಟಲೇಬೇಕು.

ಗಡಹಿಂಗ್ಲಜದ ಪೇಟೆಗೆ ಹಲಕರ್ಣಿ, ನೂಲ ಕಡೆಯಿಂದ ಹೇಗೋ ಹಾಗೆ ಸಂಕೇಶ್ವರದಿಂದಲೂ ಜನ ಬರುತ್ತಾರೆ. ಇಲ್ಲಿಯ ಸೀರೆ ಅಂಗಡಿಗೆ, ಪಂಪ್‌ಸೆಟ್ ಅಂಗಡಿಗೆ ಬೆಂಗಳೂರಿನ ಗಿರಾಕಿ ಯಾಕೆ? ಫೇಸ್‌ಬುಕ್ ಜಾಹೀರಾತಿನಲ್ಲಿ ಊರಿನ ಸುತ್ತ ಇಷ್ಟು ಕಿಲೋಮೀಟರ್ ಎಂದು ವೃತ್ತ ಎಳೆಯುವ ಸೌಲಭ್ಯವಿದೆ. ಆ ವೃತ್ತಕ್ಕೆ ರಾಜ್ಯದ ಗಡಿ ಗೊತ್ತಿಲ್ಲ. 25 ಕಿ.ಮೀ. ಎಂದರೆ ಸಂಕೇಶ್ವರವೂ ಒಳಗೆ ಬಂತು. ಆದರೆ ಮರಾಠಿಯಲ್ಲಿ ಮಾತ್ರ ಜಾಹೀರಾತು ಬರೆದರೆ ಕೊಟ್ಟ ಹಣದಲ್ಲಿ ಒಂದು ಭಾಗ ನೀರಿಗೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡುವ ಊರುಗಳಿಗೆ ಎರಡು ಭಾಷೆಯಲ್ಲಿ ಎರಡು ಜಾಹೀರಾತು ಹಾಕುವುದು ದೊಡ್ಡ ಕೆಲಸವೇನಲ್ಲ. ಪಂಪ್ ಜೋಡಿಸುವುದನ್ನು, ರಿಪೇರಿಯನ್ನು ತೋರಿಸಲು ಯೂಟ್ಯೂಬ್ ಒಳ್ಳೆಯದು. ಅಲ್ಲಿ ಹಾಕಿದ ವಿಡಿಯೋ ವರ್ಷ ಕಳೆದರೂ ಹುಡುಕಿದವರಿಗೆ ಸಿಗುತ್ತದೆ.

ಅಸಲಿ ಅಪಾಯ ಬೇರೆಯೇ ಇದೆ. ಜೂನ್ 29, 2020ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ನಿಷೇಧಿಸಿದಾಗ ಅದನ್ನೇ ನಂಬಿದ್ದವರ ಫಾಲೋವರ್‌ಗಳು ರಾತ್ರೋರಾತ್ರಿ ಇಲ್ಲವಾದರು. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಪ್ ಮೂರಕ್ಕೂ ಒಬ್ಬನೇ ಮಾಲೀಕ. ಅಕ್ಟೋಬರ್ 4, 2021ರಂದು ಮೂರೂ ಒಟ್ಟಿಗೆ ಸುಮಾರು ಆರು ತಾಸು ನಿಂತುಹೋದವು. ಉದ್ರಿ ಪುಸ್ತಕದ ಹಿಂದಿನ ಪುಟದಲ್ಲಿ ಗಿರಾಕಿಯ ಹೆಸರು, ನಂಬರು, ಕಾಲಳತೆ ಬರೆದಿಟ್ಟುಕೊಂಡ ಅಂಗಡಿಯವನಿಗೆ ಅಂಥ ದಿನ ಅಷ್ಟು ಭಾರವಾಗದು.

ಜಾಲತಾಣದಲ್ಲಿ ಅಳಿಸಿಹೋದ ಗಡಿ ಕಾಗದದ ಮೇಲೆ ಹಾಗೇ ಇದೆ ಎಂಬುದನ್ನೂ ಮರೆಯುವಂತಿಲ್ಲ. ಗಡಹಿಂಗ್ಲಜದಿಂದ ಸಂಕೇಶ್ವರಕ್ಕೆ ಪಾರ್ಸಲ್ ಕಳಿಸಿದರೂ ಅದು ಅಂತರರಾಜ್ಯ ವ್ಯಾಪಾರವೇ. ವಹಿವಾಟು ಎಷ್ಟೇ ಚಿಕ್ಕದಿದ್ದರೂ ತೆರಿಗೆ ಇರುವ ಸರಕಿಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕು. ಕೆಲವು ಕರಕುಶಲ ವಸ್ತುಗಳಿಗೆ ವಿನಾಯಿತಿ ಉಂಟು. ಮೊದಲ ಪಾರ್ಸಲ್ ಕಟ್ಟುವ ಮುನ್ನ ತಮ್ಮ ಸರಕು ಆ ಪಟ್ಟಿಯಲ್ಲಿದೆಯೇ ಎಂದು ತೆರಿಗೆ ಸಲಹೆಗಾರರ ಹತ್ತಿರ ಕೇಳಿಕೊಳ್ಳಬೇಕು.